ವಿಕ್ರಮನ ಕುದುರೆ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ತುಳು-ಕನ್ನಡಿಗರಿಗೆ ಶನಿಪೂಜೆ ಎಂದರೆ ಎಳ್ಳೆಣ್ಣೆ ದೀಪದ ಜೊತೆ ಶನಿಗ್ರಂಥದ ಪಾರಾಯಣವೂ ಇರಬೇಕು. ನೆರೂಲಿನ ಶನೀಶ್ವರ ಮಂದಿರವಿರಲಿ, ಯಾವುದೋ ಸಂಘದವರು ಬಾಡಿಗೆಗೆ ಹಿಡಿದ ಸಭಾಗೃಹವಿರಲಿ, ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಕತೆ ಬಾಯಿಪಾಠವಾಗಿದ್ದರೂ ಜನ ಕೂತು ಕೇಳುತ್ತಾರೆ. ನವಗ್ರಹಗಳಲ್ಲಿ ಯಾರು ದೊಡ್ಡವರೆಂಬ ಚರ್ಚೆ ಒಡ್ಡೋಲಗದಲ್ಲಿ ನಡೆದಾಗ ಉಜ್ಜಯಿನಿಯ ವಿಕ್ರಮರಾಜ ಶನಿಯ ಬಗ್ಗೆ ಹಗುರವಾಗಿ ಮಾತಾಡುತ್ತಾನೆ. ಆ ಮಾತು ಶನಿಯ ಕಿವಿಗೆ ಬೀಳುತ್ತದೆ. ಮುಂದೆ ಏಳೂವರೆ ವರ್ಷ ಶನಿಯ ಕಾಟ. ಕುದುರೆ ವ್ಯಾಪಾರಿಯ ವೇಷದಲ್ಲಿ ಶನಿ ಬರುತ್ತಾನೆ. ಪರೀಕ್ಷೆ ಮಾಡೋಣವೆಂದು ರಾಜ ಏರಿದ್ದೇ ತಡ, ಕುದುರೆ ಆಕಾಶಕ್ಕೆ ನೆಗೆದು ಅವನನ್ನು ಎಲ್ಲೋ ಕಾಡಿನಲ್ಲಿ ಕೆಡವಿ ಮಾಯವಾಗುತ್ತದೆ. ಅಲ್ಲಿಂದ ಪರವೂರು, ಪರರ ಮನೆ. ಗೋಡೆಯ ಚಿತ್ರದ ಹಂಸ ಹಾರ ನುಂಗಿದರೆ ಕಳ್ಳನ ಪಟ್ಟ ಇವನಿಗೆ. ಕೈಕಾಲು ಕಳೆದುಕೊಂಡು ಕೊನೆಗೆ ಗಾಣದ ಮನೆ.

ವಾಯುಮಾರ್ಗದ ದುರದೃಷ್ಟಕ್ಕೆ ಇದಕ್ಕಿಂತ ಪೂರ್ತಿಯಾದ ಕತೆ ನಮ್ಮಲ್ಲಿ ಸಿಗಲಿಕ್ಕಿಲ್ಲ. ಹತ್ತಿದ್ದೊಂದು ಕಡೆ, ಇಳಿದದ್ದೊಂದು ಕಡೆ. ಕೈಯಲ್ಲಿ ಸಾಮಾನಿಲ್ಲ, ಗುರುತು ಹೇಳುವವರಿಲ್ಲ, ಕೇಳಿದರೆ ಉತ್ತರ ಕೊಡುವವರೂ ಇಲ್ಲ.

2025ರ ಡಿಸೆಂಬರಿನ ಮೊದಲ ವಾರ ಈ ಕತೆ ಸಣ್ಣ ಪ್ರಮಾಣದಲ್ಲಿ ಸಾವಿರಾರು ಜನರಿಗೆ ನಡೆಯಿತು. ಇಂಡಿಗೋ ಕಂಪನಿಯ ಹಾರಾಟಗಳು ದಿನಕ್ಕೆ ನೂರರ ಲೆಕ್ಕದಲ್ಲಿ ರದ್ದಾಗುತ್ತ ಹೋಗಿ, ಡಿಸೆಂಬರ್ 5ರ ಒಂದೇ ದಿನ ಸಾವಿರ ದಾಟಿದವು. ಅತ್ಯಂತ ವಿಚಿತ್ರವಾದದ್ದು ನಡೆದದ್ದು ಹುಬ್ಬಳ್ಳಿಯಲ್ಲಿ. 3ರಂದು ಗುಜರಾತ್ ಭವನದಲ್ಲಿ ಒಂದು ಆರತಕ್ಷತೆ. ನೆಂಟರಿಷ್ಟರು ಬಂದು ಕೂತಿದ್ದಾರೆ, ಮದುಮಕ್ಕಳಿಲ್ಲ. ಭುವನೇಶ್ವರದಿಂದ ಬೆಂಗಳೂರಿಗೆ, ಅಲ್ಲಿಂದ ಹುಬ್ಬಳ್ಳಿಗೆ ಹಾರಬೇಕಿದ್ದ ಅವರ ವಿಮಾನ ಹಿಂದಿನ ದಿನದಿಂದ ತಡವಾಗುತ್ತ ತಡವಾಗುತ್ತ ಕೊನೆಗೆ ರದ್ದಾಗಿತ್ತು. ಮಗಳು-ಅಳಿಯ ಕೂರಬೇಕಾದ ಕುರ್ಚಿಗಳಲ್ಲಿ ಹುಡುಗಿಯ ತಂದೆತಾಯಿ ಕೂತರು. ಮದುಮಕ್ಕಳು ಭುವನೇಶ್ವರದಲ್ಲೇ ಸಿಂಗರಿಸಿಕೊಂಡು ಪರದೆಯ ಮೇಲೆ ಕಾಣಿಸಿಕೊಂಡರು. ನಗುವುದೋ ಅಳುವುದೋ ತಿಳಿಯದ ಸಂದರ್ಭ. ಸುದ್ದಿ ದೇಶವೆಲ್ಲ ಸುತ್ತಿತು.

ಮುಂಬಯಿಯ ಈ ಹೊರವಲಯದಲ್ಲೂ ಅದೇ ಗೋಳು. ಡಿಸೆಂಬರ್ ಎಂದರೆ ಊರಿನಲ್ಲಿ ನೇಮ, ಕೋಲ, ಮದುವೆಗಳ ಕಾಲ. ಡೊಂಬಿವಲಿಯಿಂದ ವಿಮಾನ ನಿಲ್ದಾಣಕ್ಕೆ ಹೋಗುವುದೇ ಒಂದು ಯಾತ್ರೆ. ಲೋಕಲ್ ಹಿಡಿದು ಘಾಟ್ಕೋಪರ್, ಅಲ್ಲಿಂದ ಮೆಟ್ರೋ, ಇಲ್ಲವಾದರೆ ಐರೋಲಿಯ ಮೇಲೆ ಟ್ಯಾಕ್ಸಿ. ಅಷ್ಟು ಮಾಡಿ ತಲುಪಿದ ಮೇಲೆ ಫಲಕದಲ್ಲಿ ರದ್ದೆಂದು ಕಾಣುತ್ತದೆ, ರೈಲಿಗೆ ಓಡಿದರೆ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಸೀಟಿಲ್ಲ. ದುರ್ಭಿಕ್ಷದಲ್ಲಿ ಅಧಿಕಮಾಸ. ಇಂಥ ಹೊತ್ತಿನಲ್ಲಿ ಬಾಯಿಗೆ ಮೊದಲು ಬರುವ ಮಾತು ‘ಗ್ರಹಚಾರ’. ಪಕ್ಕದ ಮರಾಠಿಯವರು ‘ಸಾಡೇಸಾತಿ’ ಎನ್ನುತ್ತಾರೆ, ಲೋಕಲ್ ರೈಲಿನ ಹುಡುಗರು ‘ಪನೌತಿ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಒಂದರ ಬೆನ್ನಿಗೊಂದು ಬರುವ ಕೆಡುಕಿಗೆ ನಿಜಕ್ಕೂ ಏನಾದರೂ ಅರ್ಥವಿದೆಯೇ? ಯಾರದೋ ಲೆಕ್ಕ ಯಾರೋ ತೀರಿಸಿಕೊಳ್ಳುತ್ತಿರುವುದೇ? ಅಥವಾ ಇದು ಬರೀ ಲೆಕ್ಕಾಚಾರದ ಆಟವೇ?

ಲೆಕ್ಕಾಚಾರದಿಂದಲೇ ಶುರುಮಾಡೋಣ. ಅದೇ ವರ್ಷ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ 171 ಬಿದ್ದಾಗ ಅದರಲ್ಲಿದ್ದ 242 ಮಂದಿಯಲ್ಲಿ ಉಳಿದವನು ಒಬ್ಬನೇ. ನೆಲದ ಮೇಲಿದ್ದ 19 ಜನ ಸೇರಿ ಸತ್ತವರು 260. ಸಿಬ್ಬಂದಿಯಲ್ಲಿ ಡೊಂಬಿವಲಿ, ಪನ್ವೇಲ್ ಕಡೆಯವರೂ ಇದ್ದರು, ಹಾಗಾಗಿ ಈ ಭಾಗದ ಬೀದಿಗಳಿಗೂ ಆ ಸಾವು ಬಂತು. ಸತ್ತವರಲ್ಲೊಬ್ಬರು ಗುಜರಾತಿನ ಮಾಜಿ ಮುಖ್ಯಮಂತ್ರಿ ವಿಜಯ್ ರೂಪಾಣಿ. ಅವರಿಗೆ 1206 ಅದೃಷ್ಟದ ಸಂಖ್ಯೆ. ಸ್ಕೂಟರಿಗೂ ಕಾರಿಗೂ ಅದೇ ನಂಬರು ಹಾಕಿಸಿಕೊಂಡಿದ್ದವರು. ಸತ್ತ ತಾರೀಖು 12, ತಿಂಗಳು 06. ಉಳಿದವನ ಸೀಟು 11ಎ ಎಂದು ತಿಳಿದ ಕೂಡಲೇ ಥಾಯ್ಲೆಂಡಿನ ಗಾಯಕ ರುವಾಂಗ್‌ಸಾಕ್ ಲೊಯ್‌ಚುಸಾಕ್ ತಾನೂ 1998ರ ಡಿಸೆಂಬರಿನ ಥಾಯ್ ಏರ್‌ವೇಸ್ ಅಪಘಾತದಲ್ಲಿ 11ಎ ಸೀಟಿನಿಂದಲೇ ಬದುಕಿ ಬಂದವನೆಂದ. ಓದಿದವರ ಮೈ ಜುಮ್ಮೆಂದಿತು. 2014ರಲ್ಲಿ ಇದಕ್ಕಿಂತ ಕ್ರೂರವಾದದ್ದು ನಡೆದಿತ್ತು. ಮಲೇಷ್ಯಾದ ಎಂಎಚ್370ರಲ್ಲಿ ಸೋದರನನ್ನು ಕಳೆದುಕೊಂಡ ಆಸ್ಟ್ರೇಲಿಯಾದ ಒಬ್ಬ ಮಹಿಳೆ, ನಾಲ್ಕು ತಿಂಗಳ ನಂತರ ಎಂಎಚ್17ರಲ್ಲಿ ಮಲಮಗಳನ್ನೂ ಕಳೆದುಕೊಂಡರು.

ಸಂಖ್ಯಾಶಾಸ್ತ್ರಜ್ಞರಾದ ಪರ್ಸಿ ಡಯಾಕೊನಿಸ್ ಮತ್ತು ಫ್ರೆಡರಿಕ್ ಮೊಸ್ಟೆಲರ್ 1989ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಇದಕ್ಕೆ ನೇರ ಉತ್ತರವಿದೆ. ಸಂದರ್ಭಗಳು ಸಾಕಷ್ಟು ಇದ್ದರೆ ಎಂಥ ಅಸಂಭವವೂ ಎಲ್ಲೋ ಒಂದು ಕಡೆ ನಡೆದೇ ತೀರುತ್ತದೆ. ನಮ್ಮದೇ ಒಂದು ಉದಾಹರಣೆ ನೋಡಿ. ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದದ್ದು 1951ರ ಡಿಸೆಂಬರ್ 25ರಂದು. ನವಿ ಮುಂಬಯಿ ನಿಲ್ದಾಣದಿಂದ ಪ್ರಯಾಣಿಕರ ಹಾರಾಟ ಶುರುವಾದದ್ದು 2025ರ ಡಿಸೆಂಬರ್ 25ರಂದು, ಆರಂಭದ ಊರುಗಳ ಪಟ್ಟಿಯಲ್ಲಿ ಮಂಗಳೂರೂ ಇತ್ತು. ಎರಡೂ ಶುಭಸುದ್ದಿಯಾದ್ದರಿಂದ ಈ ಕಾಕತಾಳೀಯದ ಬಗ್ಗೆ ಯಾರಿಗೂ ನಡುಕ ಬರಲಿಲ್ಲ. 1206 ನಂಬರಿನ ಗಾಡಿಯಲ್ಲಿ ರೂಪಾಣಿಯವರು ಕ್ಷೇಮವಾಗಿ ತಿರುಗಿದ ಸಾವಿರಾರು ದಿನಗಳನ್ನು ಯಾರೂ ಎಣಿಸಿಡಲಿಲ್ಲ. ನಡೆದದ್ದು ನೆನಪಿರುತ್ತದೆ, ನಡೆಯದ್ದಕ್ಕೆ ಸಾಕ್ಷಿ ಇರುವುದಿಲ್ಲ.

ಆದರೂ ಗಣಿತದವರ ಈ ಉತ್ತರ ಹೊಟ್ಟೆ ತುಂಬಿಸುವುದಿಲ್ಲ. ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ 1937ರಲ್ಲಿ ಮಧ್ಯ ಆಫ್ರಿಕಾದ ಅಜಾಂಡೆ ಜನರ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಕಣಜದ ಪ್ರಸಂಗವಿದೆ. ಗೆದ್ದಲು ತಿಂದ ಕಂಬಗಳ ಮೇಲೆ ನಿಂತ ಕಣಜ ಕುಸಿದು, ನೆರಳಿಗೆಂದು ಕೆಳಗೆ ಕೂತವರ ಮೇಲೆ ಬೀಳುತ್ತದೆ. ಗೆದ್ದಲಿನ ವಿಷಯ ಅಜಾಂಡೆಗಳಿಗೆ ಚೆನ್ನಾಗಿ ಗೊತ್ತು. ಅವರು ಕೇಳುವುದು ಬೇರೆ: ಬಿದ್ದದ್ದು ಇವರೇ ಕೂತಿದ್ದಾಗ ಏಕೆ? ಹುಬ್ಬಳ್ಳಿಯ ಬೀಗರೂ ಅಹಮದಾಬಾದಿನ ಮನೆಯವರೂ ಕೇಳಿದ್ದು ಇದನ್ನೇ. ಹೇಗಾಯಿತು ಎಂಬುದು ಒಂದು ಪ್ರಶ್ನೆ. ನಮಗೇ ಏಕೆ ಎಂಬುದು ಇನ್ನೊಂದು. ಎರಡನ್ನೂ ಒಂದೇ ಕಡತದಲ್ಲಿ ಹಾಕಿದಾಗಲೇ ಅನಾಹುತ.

ಅಹಮದಾಬಾದಿನ ಅಪಘಾತಕ್ಕೆ ಮೂರು ದಿನ ಮೊದಲು, ಜೂನ್ 9ರ ಬೆಳಿಗ್ಗೆ, ದಿವಾ ಮತ್ತು ಮುಂಬ್ರಾ ನಡುವಿನ ತಿರುವಿನಲ್ಲಿ ಎದುರುಬದುರಾದ ಎರಡು ಲೋಕಲ್‌ಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಒಬ್ಬರಿಗೊಬ್ಬರು ತಾಗಿ ಹಳಿಯ ಮೇಲೆ ಉದುರಿದರು. ಅಂದೇ ನಾಲ್ವರು ಸತ್ತರು. ಆಗ ಯಾರೂ ಅವರ ಜಾತಕ ಕೇಳಲಿಲ್ಲ, ಸೀಟಿನ ಸಂಖ್ಯೆ ಕೇಳಲಿಲ್ಲ, ಸೀಟೇ ಇರಲಿಲ್ಲವಲ್ಲ. ಗರ್ದಿ ಎಂದರು, ಇನ್ನಷ್ಟು ಗಾಡಿ ಬಿಡಿ ಎಂದರು. ಕೆಲವು ತಿಂಗಳ ನಂತರ ರೈಲ್ವೆ ಪೊಲೀಸರು ಹಳಿ ನಿರ್ವಹಣೆಗೆ ಸಂಬಂಧಿಸಿದ ಎಂಜಿನಿಯರುಗಳ ಮೇಲೆ ಪ್ರಕರಣ ದಾಖಲಿಸಿದರು. ಮುಂಬಯಿಯ ಉಪನಗರ ರೈಲುಮಾರ್ಗದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ವಿಮಾನ ಏರುವ ಮುನ್ನ ಪಂಚಾಂಗ ತೆರೆಯುವ ಕಲ್ಯಾಣದವರು ಬೆಳಗಿನ ಫಾಸ್ಟ್ ಲೋಕಲಿಗೆ ರಾಹುಕಾಲ ನೋಡುವುದಿಲ್ಲ. ನೋಡಿದರೆ ಕಚೇರಿಯ ಮಸ್ಟರ್ ತಪ್ಪುತ್ತದೆ. ದಿನನಿತ್ಯದ ಅಪಾಯಕ್ಕೆ ಕಾರಣ ಹುಡುಕುವ ಬುದ್ಧಿ, ಅಪರೂಪದ ಅಪಾಯ ಬಂದೊಡನೆ ಗ್ರಹ ಹುಡುಕಲು ಹೊರಡುವುದು ವಿಚಿತ್ರವೇ ಸರಿ.

ಆಚರಣೆಯ ಧರ್ಮ ಮಾತ್ರ ಇಂಥ ಬಿಕ್ಕಟ್ಟಿನಲ್ಲಿ ತತ್ತ್ವಶಾಸ್ತ್ರಕ್ಕಿಂತ ಚುರುಕು. ಗುರುವಾರ ದಕ್ಷಿಣಕ್ಕೆ ವಾರಶೂಲೆ, ಮುಂಬಯಿಯಿಂದ ಮಂಗಳೂರು ದಕ್ಷಿಣಕ್ಕೇ. ಟಿಕೆಟ್ಟು ಗುರುವಾರದ್ದೇ ಅಗ್ಗ ಸಿಕ್ಕರೆ? ಹಿಂದಿನವರು ಇದಕ್ಕೂ ದಾರಿ ಮಾಡಿಟ್ಟಿದ್ದಾರೆ. ಒಳ್ಳೆಯ ಘಳಿಗೆಯಲ್ಲಿ ಒಂದು ಚೀಲವನ್ನು ನೆರೆಮನೆಯಲ್ಲಿ ಇಟ್ಟು ಬಂದರೆ ಪ್ರಸ್ಥಾನವಾಯಿತು, ಪ್ರಯಾಣ ಅಲ್ಲಿಂದಲೇ ಶುರುವಾದ ಲೆಕ್ಕ. ಆಮೇಲೆ ಗುರುವಾರ ಹೊರಟರೂ ದೋಷವಿಲ್ಲ. ವಿಧಿಯ ಜೊತೆ ಇಷ್ಟು ಸಲುಗೆ ಇಟ್ಟುಕೊಂಡ ಜನರನ್ನು ಮೂಢರೆಂದು ತಳ್ಳಿಹಾಕುವುದು ಸುಲಭವಲ್ಲ. ಜರ್ಮನಿಯ ಲುಫ್ತಾನ್ಸ ಕಂಪನಿಯ ವಿಮಾನಗಳಲ್ಲಿ 13 ಮತ್ತು 17ನೆಯ ಸಾಲುಗಳೇ ಇರುವುದಿಲ್ಲ. ಅಪಘಾತವಾದ ಹಾರಾಟದ ಸಂಖ್ಯೆಯನ್ನು ಮತ್ತೆ ಬಳಸದಿರುವುದು ಪ್ರಪಂಚದ ಎಷ್ಟೋ ಕಂಪನಿಗಳ ರೂಢಿ. ಎಐ 171 ವಾರ ಕಳೆಯುವುದರೊಳಗೆ ಎಐ 159 ಆಯಿತು.

ಕಷ್ಟ ಶುರುವಾಗುವುದು ವಿಧಿಯನ್ನು ಸಮಾಧಾನಕ್ಕೆ ಕರೆದವರು ವಿವರಣೆಗೂ ಕೂರಿಸಿಕೊಂಡಾಗ. ಅಹಮದಾಬಾದಿನ ವಿಮಾನ ಏರಬೇಕಿದ್ದ ಒಬ್ಬ ಮಹಿಳೆ ಟ್ರಾಫಿಕ್ಕಿನಲ್ಲಿ ಸಿಕ್ಕಿ ಹತ್ತು ನಿಮಿಷ ತಡವಾಗಿ ಬಂದು ಒಳಗೆ ಬಿಡದಿದ್ದುದರಿಂದ ಉಳಿದರು. ತಲೆಗೆ ಬಂದದ್ದು ತಲೆಪಾಗಿಗೆ ಹೋಯಿತು. ದೇವರು ಕಾಪಾಡಿದ ಎಂದು ಅವರು ಕೈಮುಗಿದರೆ ಅದು ಕೃತಜ್ಞತೆ, ಅದರಲ್ಲಿ ತಪ್ಪು ಹುಡುಕಬಾರದು. ಅದೇ ಮಾತನ್ನು ಸಿದ್ಧಾಂತವೆಂದು ಹಿಡಿದರೆ ಸಮಯಕ್ಕೆ ಸರಿಯಾಗಿ ಬಂದ 241 ಮಂದಿಯನ್ನು ದೇವರು ಕೈಬಿಟ್ಟನೆಂದಾಗುತ್ತದೆ. ಈ ಇಕ್ಕಟ್ಟು ಹಳೆಯದು. ದೇವರಿಗೆ ಪಕ್ಷಪಾತವೂ ನಿರ್ದಯತೆಯೂ ಇಲ್ಲ, ಅವನು ಜೀವಿಗಳ ಕರ್ಮವನ್ನು ಅನುಸರಿಸುತ್ತಾನೆ ಎಂಬ ಸೂತ್ರ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿದೆ, ಶಂಕರ, ರಾಮಾನುಜ, ಮಧ್ವ ಮೂವರೂ ಅದಕ್ಕೆ ಭಾಷ್ಯ ಬರೆದಿದ್ದಾರೆ. ದೇವರ ಹೆಸರು ಉಳಿಯಿತು ನಿಜ. ಬಿಲ್ಲು ಮಾತ್ರ ಸತ್ತವರ ಹೆಸರಿಗೆ ಹೋಯಿತು. ಸೂತಕದ ಮನೆಯಲ್ಲಿ ಕೂತು ‘ಪ್ರಾರಬ್ಧ’ ಎನ್ನುವ ನೆಂಟನಿಗೆ ತಾನೇನು ಹೇಳುತ್ತಿದ್ದೇನೆಂಬುದು ತಿಳಿದಿರುವುದಿಲ್ಲ.

ಇದಕ್ಕಿಂತ ನೆಲದ ಮೇಲೆ ಕಾಲಿಟ್ಟ ಉತ್ತರ ನಮ್ಮ ಪರಂಪರೆಯಲ್ಲೇ ಇದೆ, ಅದೂ ವೈದ್ಯರ ಬಾಯಲ್ಲಿ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯ (ಈ ವಿಮಾನಕ್ಕೂ ಹಾರುವ ವಿಮಾನಕ್ಕೂ ಸಂಬಂಧವಿಲ್ಲ) ಊರಿಗೆ ಊರೇ ಒಮ್ಮೆಗೆ ನಾಶವಾಗುವುದರ ಬಗ್ಗೆ ಇದೆ. ಪ್ರಕೃತಿ, ಆಹಾರ, ವಯಸ್ಸು ಎಲ್ಲ ಬೇರೆಬೇರೆಯಾದ ಜನ ಒಟ್ಟಿಗೆ ಸಾಯುವುದು ಹೇಗೆಂದು ಶಿಷ್ಯ ಅಗ್ನಿವೇಶ ಕೇಳುತ್ತಾನೆ. ಒಂದೇ ವಿಮಾನದಲ್ಲಿ ಸತ್ತ 241 ಮಂದಿಯ ಜಾತಕವೂ ಒಂದೇ ಆಗಿತ್ತೇ ಎಂದು ಈಗಿನವರು ಕೇಳುವ ಪ್ರಶ್ನೆ ಅದಕ್ಕಿಂತ ದೂರವಿಲ್ಲ. ಮಾತು ಮುಂದುವರಿದು ಆಯುಸ್ಸು ಮೊದಲೇ ನಿಶ್ಚಯವಾಗಿದೆಯೇ ಎಂಬಲ್ಲಿಗೆ ಬರುತ್ತದೆ. ಗುರು ಆತ್ರೇಯರು ದೈವವನ್ನೂ ಒಪ್ಪುತ್ತಾರೆ, ಮನುಷ್ಯಪ್ರಯತ್ನವನ್ನೂ ಒಪ್ಪುತ್ತಾರೆ. ಎಲ್ಲ ನಿಶ್ಚಿತವೇ ಆಗಿದ್ದರೆ ಮದವೇರಿದ ಆನೆಯನ್ನು ಕಂಡು ಯಾರೂ ದಾರಿ ಬಿಡುತ್ತಿರಲಿಲ್ಲ, ಔಷಧಿಯೂ ಬೇಕಿರಲಿಲ್ಲ. ಆಮೇಲೆ ಬರುವುದು ಬಂಡಿಯ ಅಚ್ಚಿನ ಉದಾಹರಣೆ. ಒಳ್ಳೆಯ ಅಚ್ಚು ಸವೆಯುವಷ್ಟು ಸವೆದು ತನ್ನ ಕಾಲಕ್ಕೆ ಮುಗಿಯುತ್ತದೆ. ಹೊರೆ ಅತಿಯಾದರೆ, ದಾರಿ ಕೆಟ್ಟರೆ, ಚಕ್ರ ಮುರಿದರೆ, ಎತ್ತಿನದೋ ಹೊಡೆಯುವವನದೋ ತಪ್ಪಾದರೆ, ಕೀಲು ಕಳಚಿದರೆ, ಎಣ್ಣೆ ಹಾಕದಿದ್ದರೆ ನಡುದಾರಿಯಲ್ಲೇ ಮುರಿಯುತ್ತದೆ. ಅಕಾಲ ಮರಣವೂ ಹೀಗೆಯೇ.

ಸುಮಾರು ಎರಡು ಸಾವಿರ ವರ್ಷ ಹಳೆಯ ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು 2010ರ ಮೇ 22ರ ಬಜ್ಪೆಗೆ ಬರಬಹುದು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ಬೆಳಿಗ್ಗೆ ಆರು ಗಂಟೆ ದಾಟುತ್ತಿದ್ದಂತೆ ರನ್‌ವೇ ಮೀರಿ ಕಣಿವೆಗೆ ಉರುಳಿತು. 166 ಮಂದಿಯಲ್ಲಿ 158 ಜನ ಸತ್ತು ಎಂಟು ಮಂದಿ ಉಳಿದರು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಎಷ್ಟೋ ಮನೆಗಳಿಗೆ ಗುರುತೇ ಸಿಗದ ದೇಹಗಳು ಬಂದವು. ಹನ್ನೆರಡು ದೇಹಗಳಿಗೆ ಕೊನೆಗೂ ವಾರಸುದಾರರು ಯಾರೆಂದು ಗೊತ್ತಾಗಲಿಲ್ಲ. ‘ಅವರ ಋಣ ಅಷ್ಟೇ’ ಎಂದವರು ಎಷ್ಟು ಮಂದಿಯೋ.

ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯ ಋಣದ ಲೆಕ್ಕ ನೋಡಲಿಲ್ಲ. ಕಾಕ್‌ಪಿಟ್ಟಿನ ಧ್ವನಿಮುದ್ರಣದಲ್ಲಿ ಅದಕ್ಕೆ ಸಿಕ್ಕಿದ್ದು ಗೊರಕೆ. ಕ್ಯಾಪ್ಟನ್ ಸುಮಾರು ಒಂದು ಗಂಟೆ ನಲವತ್ತು ನಿಮಿಷ ನಿದ್ದೆ ಹೋಗಿದ್ದ. ಎದ್ದ ಮೇಲೂ ಮಂಪರು ಬಿಟ್ಟಿರಲಿಲ್ಲ. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು. ಇಳಿಸಬೇಡಿ, ಮತ್ತೆ ಏರಿಸಿ ಎಂದು ಜೊತೆಯ ಪೈಲಟ್ ಮೂರು ಸಲ ಹೇಳಿದರೂ ಕೇಳಲಿಲ್ಲ. 8033 ಅಡಿಯ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು ಸುಮಾರು 5200 ಅಡಿ ದಾಟಿದ ಮೇಲೆ. ಗುಡ್ಡದ ನೆತ್ತಿ ಸವರಿ ಮಾಡಿದ ನಿಲ್ದಾಣವಾದ್ದರಿಂದ ತಪ್ಪಿದವನಿಗೆ ತಡೆಯಿಲ್ಲ. ಹೊಡೆಯುವವನ ತಪ್ಪೂ ದಾರಿಯ ತಪ್ಪೂ ಸೇರಿದವು, ಅಚ್ಚು ಮುರಿಯಿತು. ಹತ್ತು ವರ್ಷದ ನಂತರ, 2020ರ ಆಗಸ್ಟ್ 7ರಂದು, ಅದೇ ಕಂಪನಿಯ ಅದೇ ಜಾತಿಯ ವಿಮಾನ ಅಂಥದೇ ಗುಡ್ಡದ ಮೇಲಿನ ಕೋಝಿಕ್ಕೋಡ್ ನಿಲ್ದಾಣದಲ್ಲಿ ರನ್‌ವೇಯ ಅರ್ಧದ ಹತ್ತಿರ ನೆಲ ಮುಟ್ಟಿ ಕೆಳಗೆ ಬಿತ್ತು, 21 ಜನ ಸತ್ತರು. ಇದನ್ನು ದುರದೃಷ್ಟದ ಸರಣಿ ಎಂದು ಕರೆದರೆ ಕಲಿಯದ ಪಾಠಕ್ಕೆ ದೈವದ ಹೆಸರಿಟ್ಟಂತೆ.

2025ರ ಡಿಸೆಂಬರಿನ ಗೋಳಿನ ಮೂಲದಲ್ಲೂ ಇದೇ ನಿದ್ದೆ ಇದೆ. ದಣಿದ ಪೈಲಟ್ ವಿಮಾನ ಇಳಿಸಬಾರದು ಎಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2024ರ ಜನವರಿಯಲ್ಲಿ ಹೊಸ ನಿಯಮ ಪ್ರಕಟಿಸಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು, ರಾತ್ರಿ ಹೊತ್ತು ವಿಮಾನ ಇಳಿಸುವ ಮಿತಿ ಆರು ಸಲದಿಂದ ಎರಡಕ್ಕೆ ಇಳಿಯಿತು. ಕಂಪನಿಗಳು ತಕರಾರೆತ್ತಿದವು, ಪೈಲಟ್ಟರ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು. ಕೊನೆಗೆ ನಿಯಮದ ಎರಡನೆಯ ಹಂತ ಜಾರಿಯಾದದ್ದು 2025ರ ನವೆಂಬರ್ 1ಕ್ಕೆ. ತಯಾರಿಗೆ ಎರಡು ವರ್ಷದ ಹತ್ತಿರ ಸಿಕ್ಕಿದ್ದರೂ ದೇಶದ ಅತಿ ದೊಡ್ಡ ವಿಮಾನ ಕಂಪನಿಯಾದ ಇಂಡಿಗೋ ಬಳಿ ಹೊಸ ಲೆಕ್ಕಕ್ಕೆ ಬೇಕಾದಷ್ಟು ಪೈಲಟ್ಟರು ಇರಲಿಲ್ಲ. ಅಂದಾಜು ತಪ್ಪಿತು, ಯೋಜನೆಯಲ್ಲಿ ಲೋಪವಾಯಿತು ಎಂದು ಕಂಪನಿಯೇ ಒಪ್ಪಿಕೊಂಡಿತು. ಹುಬ್ಬಳ್ಳಿಯ ಮದುಮಕ್ಕಳಿಲ್ಲದ ಕುರ್ಚಿಗಳಿಗೆ ಶನಿಯ ಅಗತ್ಯವಿರಲಿಲ್ಲ, ಒಂದು ಡ್ಯೂಟಿ ಪಟ್ಟಿ ಸಾಕಾಗಿತ್ತು.

ಹಾಗಾದರೆ ದೈವಕ್ಕೆ ಜಾಗವೇ ಇಲ್ಲವೇ? ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಯಾವ ಕರ್ಮಕ್ಕೂ ಐದು ಕಾರಣ ಹೇಳುತ್ತದೆ. ನೆಲೆ, ಕರ್ತ, ಸಾಧನ, ಬಗೆಬಗೆಯ ಚೇಷ್ಟೆ, ಐದನೆಯದಾಗಿ ದೈವ. ಕ್ರಮವನ್ನು ಗಮನಿಸಬೇಕು. ಉಳಿದ ನಾಲ್ಕನ್ನು ನೋಡಿ ಮುಗಿಸಿದವನಿಗೆ ಐದನೆಯದನ್ನು ಹೇಳುವ ಅಧಿಕಾರವಿದೆ. ಬಜ್ಪೆಯಲ್ಲಿ ವಿಮಾನದ ಒಡಲು ಬದುಕುಳಿದ ಎಂಟು ಮಂದಿಯ ಪಕ್ಕದಲ್ಲೇ ಏಕೆ ಸೀಳಿತು ಎಂಬುದಕ್ಕೆ ಯಾವ ತನಿಖೆಯಲ್ಲೂ ಪೂರ್ತಿ ಉತ್ತರ ಸಿಗದು. ಅಲ್ಲಿ ದೈವ ಎನ್ನಬಹುದು, ಆಕಸ್ಮಿಕ ಎನ್ನಬಹುದು, ಸುಮ್ಮನೆ ಕೈಮುಗಿಯಲೂಬಹುದು. ಗೊರಕೆಗೆ ಮಾತ್ರ ದೈವ ಎನ್ನಬಾರದು.

ಶನಿಗ್ರಂಥವನ್ನು ಕೊನೆಯವರೆಗೆ ಕೂತು ಕೇಳಿದವರಿಗೆ ಇನ್ನೊಂದು ವಿಷಯ ಗೊತ್ತಿರುತ್ತದೆ. ಏಳೂವರೆ ವರ್ಷ ಮುಗಿದು ಶನಿ ಪ್ರಸನ್ನನಾಗಿ ವರ ಕೇಳೆಂದಾಗ ವಿಕ್ರಮ ಕೇಳುವುದು ರಾಜ್ಯವನ್ನಲ್ಲ. ನನಗೆ ಕೊಟ್ಟ ಕಷ್ಟ ಇನ್ನಾರಿಗೂ ಕೊಡಬೇಡ ಎನ್ನುತ್ತಾನೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮಾವಳಿಯ ಹದಿಮೂರನೆಯ ಅನುಬಂಧ ಅಪಘಾತ ತನಿಖೆಯ ಉದ್ದೇಶ ಹೇಳುವುದೂ ಹೀಗೆಯೇ: ಮುಂದೆ ಇಂಥದು ನಡೆಯದಂತೆ ತಡೆಯುವುದು, ತಪ್ಪು ಹೊರಿಸುವುದಲ್ಲ. ‘ನನಗೇ ಏಕೆ’ ಎಂದು ಶುರುವಾದ ಪ್ರಶ್ನೆ ‘ಬೇರೆಯವರಿಗೆ ಬೇಡ’ ಎಂಬಲ್ಲಿಗೆ ತಲುಪುವುದು ಧರ್ಮದ ದಾರಿಯೂ ಹೌದು, ತನಿಖೆಯ ದಾರಿಯೂ ಹೌದು. ಪಾರಾಯಣಕ್ಕೆ ಕೂರುವವರಲ್ಲಿ ಹೆಚ್ಚಿನವರು ಸಾಡೇಸಾತಿ ಕಳೆಯಲೆಂದೇ ಕೂರುತ್ತಾರೆ, ಆ ವರದ ಭಾಗ ಬರುವ ಹೊತ್ತಿಗೆ ಊಟದ ಪಂಕ್ತಿಯ ಕಡೆ ಕಣ್ಣಿರುತ್ತದೆ ಎಂಬುದು ಬೇರೆ ಮಾತು.

ಕಾನೂನು ಕೂಡ ವಿಧಿಗೆ ಗಡಿ ಹಾಕಿದೆ. ಬಜ್ಪೆಯಲ್ಲಿ ಸತ್ತ ಒಬ್ಬರ ಕುಟುಂಬಕ್ಕೆ 7.64 ಕೋಟಿ ರೂಪಾಯಿ ಪರಿಹಾರವನ್ನು ಸುಪ್ರೀಂ ಕೋರ್ಟ್ ನಿಗದಿ ಮಾಡಿದ್ದು 2020ರ ಮಾರ್ಚಿನಲ್ಲಿ, ಹತ್ತು ವರ್ಷದ ಹೋರಾಟದ ನಂತರ. ಸಣ್ಣ ತೊಂದರೆಗೂ ನಿಯಮವಿದೆ. ಕನಿಷ್ಠ 24 ಗಂಟೆ ಮೊದಲು ತಿಳಿಸದೆ ಹಾರಾಟ ರದ್ದುಮಾಡಿದರೆ ಕಂಪನಿ ಟಿಕೆಟ್ಟಿನ ಹಣ ವಾಪಸು ಕೊಡುವುದಲ್ಲದೆ, ಒಂದು ಗಂಟೆಯವರೆಗಿನ ಹಾರಾಟಕ್ಕೆ 5,000, ಎರಡು ಗಂಟೆಯವರೆಗೆ 7,500, ಅದಕ್ಕೂ ಹೆಚ್ಚಿನದಕ್ಕೆ 10,000 ರೂಪಾಯಿ, ಅಥವಾ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತ, ಯಾವುದು ಕಡಿಮೆಯೋ ಅಷ್ಟನ್ನು ಪರಿಹಾರವಾಗಿ ಕೊಡಬೇಕೆಂದು ಡಿಜಿಸಿಎ ಹೇಳುತ್ತದೆ. ಪ್ರವಾಹ, ಯುದ್ಧ, ಮುಷ್ಕರದಂಥ ಕೈಮೀರಿದ ಕಾರಣಗಳಿಗೆ ವಿನಾಯಿತಿ ಇದೆ. ಆದ್ದರಿಂದ ಕೌಂಟರಿನಲ್ಲಿ ಮೊದಲು ಕೇಳಬೇಕಾದದ್ದು ರದ್ದತಿಯ ಕಾರಣವನ್ನು, ಅದೂ ಬರಹದಲ್ಲಿ. ಡೊಂಬಿವಲಿ, ಕಲ್ಯಾಣದ ಓದುಗರಿಗೆ ಇನ್ನೊಂದು ಮಾತು. ಏಜೆಂಟರ ಮೂಲಕ ಟಿಕೆಟ್ ಮಾಡಿಸುವಾಗ ಅವರ ಮೊಬೈಲ್ ನಂಬರು ಬೀಳದಂತೆ ನೋಡಿಕೊಳ್ಳಿ, ನಿಮ್ಮದನ್ನೇ ಹಾಕಿಸಿ. ಸಂಪರ್ಕದ ವಿವರ ಸರಿಯಾಗಿ ಕೊಡದ ಪ್ರಯಾಣಿಕರಿಗೆ ಈ ಪರಿಹಾರ ಸಿಗುವುದಿಲ್ಲ. ಕಂಪನಿ ಕೇಳದಿದ್ದರೆ ಸರ್ಕಾರದ ಏರ್‌ಸೇವಾ ಜಾಲತಾಣದಲ್ಲಿ ದೂರು ದಾಖಲಿಸಿ.